ಡಿಎನ್‌ಎ ನೋಡಿ ಜೋಡಿ ಹುಡುಕುವ ಸ್ಟಾರ್ಟಪ್: ಮೂರನೆಯವಳಾಗಿ ಸೇರಲೇ?

ಪ್ರಶ್ನೆ: ನಾನು ಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಇಬ್ಬರು ಹಳೆಯ ಸ್ನೇಹಿತರು ಡೇಟಿಂಗ್ ಆ್ಯಪ್ ಒಂದನ್ನು ಶುರು ಮಾಡುತ್ತಿದ್ದಾರೆ. ಒಬ್ಬರು ಸಾಫ್ಟ್‌ವೇರ್‌ನವರು, ಇನ್ನೊಬ್ಬರು ಮಾರ್ಕೆಟಿಂಗ್‌ನವರು. ಬಳಕೆದಾರರು ಜೊಲ್ಲಿನ ಸ್ಯಾಂಪಲ್ ಕಳಿಸಬೇಕು, ಅದರ ಡಿಎನ್‌ಎ ನೋಡಿ ಆ್ಯಪ್ ಜೋಡಿ ಸೂಚಿಸುತ್ತದೆ. ಎಚ್‌ಎಲ್‌ಎ ಎಂಬ ರೋಗನಿರೋಧಕ ಜೀನ್‌ಗಳು ಬೇರೆ ಬೇರೆಯಾಗಿದ್ದಷ್ಟೂ ಆಕರ್ಷಣೆ ಜಾಸ್ತಿ, ಇದು ಸಾಬೀತಾದ ವಿಜ್ಞಾನ ಎಂದು ಹೂಡಿಕೆದಾರರ ಸ್ಲೈಡ್‌ಗಳಲ್ಲಿ ಹಾಕಿದ್ದಾರೆ. ಮುಂದೆ ಆನುವಂಶಿಕ ಕಾಯಿಲೆಗಳ ತಪಾಸಣೆಯನ್ನೂ ಸೇರಿಸುತ್ತಾರಂತೆ. ನನ್ನನ್ನು ಮುಖ್ಯ ವಿಜ್ಞಾನಿಯಾಗಿ ಕರೆಯುತ್ತಿದ್ದಾರೆ, 6% ಷೇರು ಕೊಡುತ್ತಾರೆ. "ವಿಜ್ಞಾನ ನೀನು ನೋಡ್ಕೋ, ಉಳಿದಿದ್ದು ನಾವು ನೋಡ್ಕೋತೀವಿ" ಅನ್ನುತ್ತಾರೆ. ಆಸೆಯೂ ಇದೆ, ಅಳುಕೂ ಇದೆ. ಸೇರಬಹುದಾ? ತಂಡದಲ್ಲಿ ಇನ್ನೂ ಯಾರಿರಬೇಕು? ಡೆಮೊಗೆ ನಮ್ಮ ಮೂವರದ್ದೇ ಸ್ಯಾಂಪಲ್ ಬಳಸೋಣ ಅನ್ನುತ್ತಿದ್ದಾರೆ, ಅದು ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳುಕುಗಳು ಹೆಣೆದುಕೊಂಡಿವೆ. ಒಂದು, ಈ ವಿಜ್ಞಾನ ನಿಜವಾ ಅನ್ನುವುದು. ಇನ್ನೊಂದು, ನಿಜ ಅಲ್ಲದಿದ್ದರೆ ನಾಳೆ ಬೆರಳು ಯಾರ ಕಡೆ ತಿರುಗುತ್ತದೆ ಅನ್ನುವುದು. ಮೊದಲನೆಯದಕ್ಕೆ ಉತ್ತರ ನಿಮಗೆ ಅರ್ಧ ಗೊತ್ತಿದೆ ಅಂತ ನನಗನಿಸುತ್ತದೆ. ಇಲ್ಲದಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಎರಡನೆಯದೇ ಕಷ್ಟದ್ದು. ನಿಮ್ಮ ಸ್ನೇಹಿತರು ನಿಮ್ಮಿಂದ ಕೇಳುತ್ತಿರುವುದು ವಿಜ್ಞಾನವನ್ನಾ, ಅಥವಾ ಹೆಸರಿನ ಹಿಂದಿರುವ ಡಿಗ್ರಿಯನ್ನಾ? ಇದು ಇತ್ಯರ್ಥವಾಗದೆ 6% ಸಾಕಾ ಸಾಲದಾ ಅನ್ನುವ ಲೆಕ್ಕಕ್ಕೆ ಅರ್ಥವಿಲ್ಲ.

ಮೊದಲು ಎಚ್‌ಎಲ್‌ಎ ವಿಷಯ ಮುಗಿಸೋಣ. ಈ ಜೀನ್‌ಗಳು ನಮ್ಮ 6ನೇ ಕ್ರೋಮೋಸೋಮಿನಲ್ಲಿವೆ. ದೇಹದ ರಕ್ಷಣಾ ವ್ಯವಸ್ಥೆಗೆ ಯಾವುದು ತನ್ನದು, ಯಾವುದು ಹೊರಗಿನದು ಎಂದು ತೋರಿಸಿಕೊಡುವುದು ಇವುಗಳ ಕೆಲಸ. ಅಂಗಾಂಗ ಕಸಿಗೆ, ಮೂಳೆಮಜ್ಜೆ ಕಸಿಗೆ ಹೊಂದಿಸಿ ನೋಡುವುದೂ ಇವನ್ನೇ. ಮನುಷ್ಯರಲ್ಲಿ ಇಷ್ಟು ವೈವಿಧ್ಯ ಇರುವ ಜೀನ್‌ಗಳು ಬೇರೆ ಇಲ್ಲ. ಈವರೆಗೆ ದಾಖಲಾದ ರೂಪಗಳೇ 30,000ಕ್ಕೂ ಹೆಚ್ಚು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಕ್ಕೂ ಪ್ರೀತಿಗೂ ಗಂಟು ಬಿದ್ದದ್ದು ಇಲಿಗಳಿಂದ. ಕೆಲವು ತಳಿಯ ಇಲಿಗಳು ಈ ಜೀನ್‌ಗಳಲ್ಲಿ ತಮಗಿಂತ ಬೇರೆಯಾದ ಜೋಡಿಯನ್ನು ಆರಿಸಿಕೊಳ್ಳುತ್ತವೆ ಎಂದು 1976ರಲ್ಲಿ ಕಂಡುಬಂತು. ಅದು ವಾಸನೆಯಿಂದ ಅನ್ನುವುದು ಆಮೇಲೆ ಗೊತ್ತಾಯಿತು. 1995ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಕ್ಲೌಸ್ ವೆಡೆಕಿಂಡ್ ಮತ್ತು ಸಂಗಡಿಗರು ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. 44 ಹುಡುಗರು ಎರಡು ರಾತ್ರಿ ಒಂದೇ ಟೀ ಶರ್ಟ್ ಹಾಕಿಕೊಂಡು ಮಲಗಿದರು. 49 ಹುಡುಗಿಯರು ಆ ಶರ್ಟುಗಳನ್ನು ಮೂಸಿ ಅಂಕ ಕೊಟ್ಟರು. ತಮಗಿಂತ ಬೇರೆ ಬಗೆಯ ಜೀನ್ ಇದ್ದವರ ವಾಸನೆ ಹೆಚ್ಚು ಹಿತ ಅನಿಸಿತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಇದು ತಿರುವುಮುರುವಾಯಿತು. ನಿಮ್ಮ ಸ್ನೇಹಿತರ ಸ್ಲೈಡಿನಲ್ಲಿರುವುದು ಈ ಅಧ್ಯಯನವೇ ಇರಬೇಕು. ಈ ವಲಯದ ಸ್ಲೈಡುಗಳಲ್ಲಿ ಬಹುತೇಕ ಅದೇ ಇರುತ್ತದೆ.

ಸ್ಲೈಡಿನಲ್ಲಿ ಇಲ್ಲದಿರುವುದು ಆಮೇಲಿನ ಕಥೆ. 1997ರಲ್ಲಿ ಅಮೆರಿಕದ ಹಟರೈಟ್ ಸಮುದಾಯದ ದಂಪತಿಗಳಲ್ಲಿ ಎಚ್‌ಎಲ್‌ಎ ಹೋಲಿಕೆ ನಿರೀಕ್ಷೆಗಿಂತ ಕಡಿಮೆ ಇದೆ ಎಂಬ ವರದಿ ಬಂತು. ಅದು ಪರವಾದ ಸಾಕ್ಷ್ಯ, ನಿಜ. ಆದರೆ ಹೊರಗಿನವರ ಜೊತೆ ಮದುವೆ ಅಪರೂಪವಾಗಿರುವ ಸಣ್ಣ ಸಮುದಾಯ ಅದು. 2008ರಲ್ಲಿ ಯುರೋಪಿಯನ್ ಮೂಲದ ದಂಪತಿಗಳ ಜೀನೋಮ್ ನೋಡಿದ ಅಧ್ಯಯನವೊಂದು ಇಂಥದ್ದೇ ಫಲಿತಾಂಶ ಕೊಟ್ಟಿತು. ಎರಡೇ ವರ್ಷದಲ್ಲಿ ಬೇರೆ ತಂಡ ಲೆಕ್ಕವನ್ನು ಮತ್ತೆ ಮಾಡಿದಾಗ ಅದು ನಿಲ್ಲಲಿಲ್ಲ. 2016ರಲ್ಲಿ 254 ಜೋಡಿಗಳ ಅಧ್ಯಯನದಲ್ಲಿ ಎಚ್‌ಎಲ್‌ಎ ವ್ಯತ್ಯಾಸಕ್ಕೂ ದಾಂಪತ್ಯದ ತೃಪ್ತಿಗೂ ನಂಟು ಕಂಡಿತು. 2020ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ, 3,691 ದಂಪತಿಗಳ ಅಧ್ಯಯನ ಬಂತು. ನಿಜವಾದ ದಂಪತಿಗಳನ್ನೂ ಸುಮ್ನೆ ಚೀಟಿ ಎತ್ತಿದಂತೆ ಕೂಡಿಸಿದ ಜೋಡಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಎಚ್‌ಎಲ್‌ಎ ಮಟ್ಟಿಗೆ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಪೂರ್ತಿ ಸುಳ್ಳಾ? ವಾಸನೆಯ ಮಟ್ಟದಲ್ಲಿ ಏನೋ ಸಣ್ಣದು ಇರಬಹುದು, ಕೆಲವರಲ್ಲಿ, ಕೆಲವು ಸಂದರ್ಭಗಳಲ್ಲಿ. ಆದರೆ ಇಲಿಗೆ ಇಂಥ ಸಂಕೇತ ಹಿಡಿಯಲು ಮೂಗಿನೊಳಗೆ ಪ್ರತ್ಯೇಕ ಅಂಗವೊಂದಿದೆ. ನಮ್ಮಲ್ಲಿ ಅದು ನೆಪಮಾತ್ರಕ್ಕೆ ಉಳಿದಿದೆ. ಅದು ಕೆಲಸ ಮಾಡಲು ಬೇಕಾದ ಟಿಆರ್‌ಪಿಸಿ2 ಎಂಬ ಜೀನ್ ಮನುಷ್ಯರಲ್ಲಿ ಕೆಟ್ಟು ಕೂತು ಕೋಟ್ಯಂತರ ವರ್ಷಗಳಾಗಿವೆ.

ಇಷ್ಟೆಲ್ಲಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮೇಲಿನ 30,000 ಸಂಖ್ಯೆ ಈಗ ನೋಡಿ. ಇಷ್ಟು ವೈವಿಧ್ಯ ಇದ್ದಾಗ, ಸಂಬಂಧವೇ ಇಲ್ಲದ ಯಾರನ್ನೇ ಇಬ್ಬರನ್ನು ಎದುರುಬದುರು ಕೂರಿಸಿದರೂ ಅವರ ಎಚ್‌ಎಲ್‌ಎ ಬಹುಪಾಲು ಬೇರೆಯೇ ಇರುತ್ತದೆ. ಮೂಳೆಮಜ್ಜೆಗೆ ಹೊಂದುವ ದಾನಿ ಸಿಗದೆ ರೋಗಿಗಳು ಒದ್ದಾಡುವುದು ಇದೇ ಕಾರಣಕ್ಕೆ. ಅಂದರೆ ನಿಮ್ಮ ಆ್ಯಪ್ ಹೆಚ್ಚುಕಡಿಮೆ ಎಲ್ಲರಿಗೂ ಎಲ್ಲರ ಜೊತೆಗೂ ಒಳ್ಳೆಯ ಅಂಕವನ್ನೇ ಕೊಡಬೇಕಾಗುತ್ತದೆ. ಹಾಗೆ ಕೊಟ್ಟರೆ ಮಾರಲು ಏನೂ ಉಳಿಯುವುದಿಲ್ಲ. ಆದ್ದರಿಂದ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಗ್ಗಿಸಿ 62, 87, 94 ಅಂತ ಅಂಕ ಮಾಡಬೇಕಾಗುತ್ತದೆ. ಆ ಅಂಕವನ್ನು ಹುಟ್ಟಿಸುವ ಕೆಲಸ ಯಾರ ಪಾಲಿಗೆ ಬರುತ್ತದೆ? ಮುಖ್ಯ ವಿಜ್ಞಾನಿಯ ಪಾಲಿಗೆ.

ಇನ್ನೊಂದು ಅಡ್ಡಪರಿಣಾಮವೂ ಇದೆ. ಎಚ್‌ಎಲ್‌ಎ ರೂಪಗಳ ಹಂಚಿಕೆ ಒಂದೊಂದು ಜನಸಮೂಹದಲ್ಲಿ ಒಂದೊಂದು ತರಹ. ಹಾಗಾಗಿ "ಬೇರೆತನ"ದ ಅಂಕ ಎಷ್ಟೋ ಸಲ ಮೂಲ ಜನಾಂಗದ ಅಂಕವಾಗಿಬಿಡುತ್ತದೆ, ಅದೂ ಬಳಕೆದಾರರಿಗೆ ತಿಳಿಯದಂತೆ. ಡಿಎನ್‌ಎ ಓದುವ ಅಗ್ಗದ ಚಿಪ್ ಬಳಸಿ ಎಚ್‌ಎಲ್‌ಎ ಊಹಿಸುವ ವಿಧಾನಗಳು ದತ್ತಾಂಶ ಕಡಿಮೆ ಇರುವ ಜನಸಮೂಹಗಳಲ್ಲಿ ಜಾಸ್ತಿ ತಪ್ಪುತ್ತವೆ ಕೂಡ. ಸಲಿಂಗಿ ಬಳಕೆದಾರರಿಗೆ ಏನು ಹೇಳುತ್ತೀರಿ ಅನ್ನುವುದನ್ನೂ ಕೇಳಿ. ಈ ಸಿದ್ಧಾಂತ ನಿಂತಿರುವುದೇ ಹುಟ್ಟುವ ಮಗುವಿನ ರೋಗನಿರೋಧಕ ಶಕ್ತಿಯ ಮೇಲೆ. ಅವರ ದುಡ್ಡು ಮಾತ್ರ ತೆಗೆದುಕೊಳ್ಳುತ್ತೀರಾ?

"ಎಚ್‌ಎಲ್‌ಎ ಬಿಡು, ಬೇರೆ ಜೀನ್‌ಗಳಿವೆಯಲ್ಲ" ಎಂದು ಅವರು ಹೇಳಬಹುದು. ಮಿದುಳಿನಲ್ಲಿ ಕೆಲಸ ಮಾಡುವ ಆಕ್ಸಿಟೋಸಿನ್, ಸೆರೊಟೋನಿನ್, ವ್ಯಾಸೊಪ್ರೆಸಿನ್ ಎಂಬ ರಾಸಾಯನಿಕಗಳ ಹೆಸರುಗಳು ಬರುತ್ತವೆ. 2008ರಲ್ಲಿ ಸ್ವೀಡನ್ನಿನ ಅವಳಿಗಳ ಅಧ್ಯಯನವೊಂದು ವ್ಯಾಸೊಪ್ರೆಸಿನ್ ರಿಸೆಪ್ಟರ್‌ನ (ಅದನ್ನು ಹಿಡಿಯುವ ಪ್ರೋಟೀನ್‌ನ) ಜೀನ್‌ಗೂ ಗಂಡಸರ ದಾಂಪತ್ಯಕ್ಕೂ ಸಣ್ಣ ನಂಟು ಕಂಡಾಗ ಪತ್ರಿಕೆಗಳು ಅದನ್ನು ವಿಚ್ಛೇದನದ ಜೀನ್ ಅಂದವು. ಒಂದು ಜೀನ್, ಒಂದು ಸ್ವಭಾವ ಅನ್ನುವ ಮಾದರಿಯ ಇಂಥ ಅಧ್ಯಯನಗಳ ದೊಡ್ಡ ಪಾಲು ಆಮೇಲೆ ದೊಡ್ಡ ಸಂಖ್ಯೆಯ ಜನರಲ್ಲಿ ಪರೀಕ್ಷಿಸಿದಾಗ ಕರಗಿಹೋಗಿದೆ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆದರೂ ಇಂಥ ಆ್ಯಪ್‌ಗಳು "ಕೆಲಸ ಮಾಡಿದವು" ಎಂದು ಜನ ಬರೆಯುತ್ತಾರಲ್ಲ, ಹೇಗೆ? 2014ರಲ್ಲಿ ಓಕೆಕ್ಯುಪಿಡ್ ಎಂಬ ಡೇಟಿಂಗ್ ತಾಣ ತಾನು ಮಾಡಿದ್ದ ಒಂದು ಪ್ರಯೋಗವನ್ನು ಬಹಿರಂಗಪಡಿಸಿತು. ತನ್ನದೇ ಲೆಕ್ಕದಲ್ಲಿ 30% ಹೊಂದಾಣಿಕೆ ಇದ್ದ ಕೆಲವರಿಗೆ 90% ಎಂದು ತೋರಿಸಿದ್ದರು. ಅವರು ಒಬ್ಬರಿಗೊಬ್ಬರು ಸಂದೇಶ ಕಳಿಸುವುದು, ಮಾತು ಮುಂದುವರಿಸುವುದು ಜಾಸ್ತಿಯಾಯಿತು. ಅಂಕವನ್ನು ನಂಬಿದ್ದೇ ಅರ್ಧ ಕೆಲಸ ಮಾಡಿತ್ತು. ಜೊಲ್ಲು ಕಳಿಸಿ, ವಾರಗಟ್ಟಲೆ ಕಾದು, ದುಡ್ಡು ಕೊಟ್ಟು ಪಡೆದ ಅಂಕವನ್ನು ಜನ ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ಹಾಗಾಗಿ ನಿಮ್ಮ ಆ್ಯಪಿನಲ್ಲಿ ಪರಿಚಯವಾದವರು ಮದುವೆಯಾಗುತ್ತಾರೆ, ಧನ್ಯವಾದ ಹೇಳಿ ಪತ್ರವನ್ನೂ ಬರೆಯುತ್ತಾರೆ. ಅದರಿಂದ ಜೀನ್ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಈಗ ಕಾಯಿಲೆಗಳ ತಪಾಸಣೆ. ಇಲ್ಲಿ ಕಥೆಯೇ ಬೇರೆ, ಯಾಕೆಂದರೆ ಇದು ನಿಜವಾದ, ಗಟ್ಟಿಯಾದ ವಿಜ್ಞಾನ. ರಿಸೆಸಿವ್ ಕಾಯಿಲೆ ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥದ್ದು; ಒಂದೇ ಕೆಟ್ಟ ಪ್ರತಿ ಇದ್ದು ಆರೋಗ್ಯವಾಗಿರುವವರು ವಾಹಕರು. ಗಂಡ ಹೆಂಡತಿ ಇಬ್ಬರೂ ಇಂಥ ಒಂದೇ ಕಾಯಿಲೆಯ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ 25% ಸಾಧ್ಯತೆ ಮಗುವಿಗೆ ಕಾಯಿಲೆ ಬರುತ್ತದೆ. ಇದನ್ನು ಜೋಡಿ ಕೂಡಿಸುವ ಮೊದಲೇ ನೋಡುವ ಪದ್ಧತಿ ಹೊಸದೂ ಅಲ್ಲ. ನರಗಳನ್ನು ಹಾಳುಮಾಡುವ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ಕಾಯಿಲೆಯಿಂದ ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್‌ಸ್ಟೀನ್ 1983ರಲ್ಲಿ ಸಾಂಪ್ರದಾಯಿಕ ಯಹೂದಿ ಸಮುದಾಯಕ್ಕಾಗಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ರಕ್ತಪರೀಕ್ಷೆ ಮಾಡಿಸಿಕೊಂಡವರಿಗೆ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಸಂಬಂಧ ನೋಡುವಾಗ ಎರಡು ಸಂಖ್ಯೆ ಕೊಟ್ಟು ವಿಚಾರಿಸಿದರೆ, ಹೊಂದುತ್ತದೆಯೋ ಇಲ್ಲವೋ ಅಷ್ಟೇ ಉತ್ತರ. ಪ್ರೀತಿಯ ಬಗ್ಗೆ ಅವರು ಏನೂ ಹೇಳುವುದಿಲ್ಲ. ಅದೇ ಅವರ ಬಲ ಅಂತ ನನಗನಿಸುತ್ತದೆ.

2019ರ ಕೊನೆಯಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ಇಂಥದ್ದೇ ಯೋಚನೆಯನ್ನು ಡೇಟಿಂಗ್ ಆ್ಯಪ್‌ಗಳಿಗೆ ತರುವ ಡಿಜಿಡ್8 ಕಂಪನಿಯ ಬಗ್ಗೆ ಟಿವಿಯಲ್ಲಿ ಹೇಳಿದರು. ಒಂದೇ ಗಂಭೀರ ಕಾಯಿಲೆಯ ವಾಹಕರು ಒಬ್ಬರಿಗೊಬ್ಬರು ಕಾಣಿಸಿಕೊಳ್ಳುವುದೇ ಇಲ್ಲ, ಅಷ್ಟೇ. ತಕ್ಷಣವೇ ಇದು ಯುಜೆನಿಕ್ಸ್, ಅಂದರೆ ಮನುಷ್ಯರಲ್ಲಿ "ಉತ್ತಮ ತಳಿ" ಆರಿಸುವ ಯತ್ನ, ಎಂಬ ಟೀಕೆ ಎದ್ದಿತು. ಮಾತನಾಡಿದವರು ಜಗತ್ತಿನ ಹೆಸರಾಂತ ಜೆನೆಟಿಕ್ಸ್ ವಿಜ್ಞಾನಿಗಳಲ್ಲೊಬ್ಬರು, ಆಧಾರ ಗಟ್ಟಿ, ಉದ್ದೇಶ ಮಕ್ಕಳ ಕಾಯಿಲೆ ತಪ್ಪಿಸುವುದು. ಆದರೂ ಸಮಜಾಯಿಷಿ ಕೊಡುವ ಸ್ಥಿತಿ ಬಂತು. ನಿಮ್ಮ ಮೂವರ ತಂಡಕ್ಕೆ ಅದಕ್ಕಿಂತ ಸುಲಭದ ದಾರಿ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ವಾಹಕರನ್ನು ಹೀಗೆ ಅವರಿಗೆ ಹೇಳದೆ ಒಬ್ಬರಿಂದೊಬ್ಬರು ಮರೆಮಾಡುವುದು ಸರಿಯಲ್ಲ. ಇಬ್ಬರೂ ವಾಹಕರಾದ ದಂಪತಿಗಳಿಗೆ ಇವತ್ತು ದಾರಿಗಳಿವೆ: ಬಸಿರಿನಲ್ಲಿ ಪರೀಕ್ಷೆ, ಐವಿಎಫ್‌ನಲ್ಲಿ ಭ್ರೂಣ ಪರೀಕ್ಷೆ, ದಾನಿ, ದತ್ತು, ಮಕ್ಕಳು ಬೇಡ ಅನ್ನುವ ನಿರ್ಧಾರ. ಯಾವುದು ತಮಗೆ ಸರಿ ಎಂದು ಆರಿಸುವವರು ಅವರು, ಆ್ಯಪ್ ಅಲ್ಲ. ಜೊತೆಗೆ, ತಪಾಸಣೆ ಸೇರಿಸಿದ ದಿನವೇ ನೀವು ಡೇಟಿಂಗ್ ಕಂಪನಿ ಅನ್ನುವುದು ಮುಗಿಯಿತು. ಅದು ವೈದ್ಯಕೀಯ ಸೇವೆ. ಮಾನ್ಯತೆ ಪಡೆದ ಲ್ಯಾಬ್ ಬೇಕು, ಫಲಿತಾಂಶ ತಿಳಿಸುವ ಜೆನೆಟಿಕ್ ಕೌನ್ಸೆಲರ್ ಬೇಕು. "ನೆಗೆಟಿವ್ ಬಂದರೂ ಸ್ವಲ್ಪ ಅಪಾಯ ಉಳಿದೇ ಇರುತ್ತದೆ" ಅನ್ನುವುದನ್ನು ರಾತ್ರಿ ಹನ್ನೊಂದಕ್ಕೆ ಫೋನ್ ನೋಡುತ್ತಿರುವವರಿಗೆ ಅರ್ಥವಾಗುವಂತೆ ಹೇಳಲು ಬರಬೇಕು.

ಇನ್ನು ದತ್ತಾಂಶ. ನಿಮ್ಮ ಸ್ನೇಹಿತರ "ಉಳಿದಿದ್ದು" ಅನ್ನುವ ಮಾತಿನೊಳಗೆ ಇದೂ ಸೇರಿಕೊಂಡಿದೆ ಅನ್ನುವುದೇ ನನಗೆ ಆತಂಕ. ಜೊಲ್ಲಿನಿಂದ ಡಿಎನ್‌ಎ ಪರೀಕ್ಷೆ ಮಾಡಿಕೊಡುವ ಅಮೆರಿಕದ 23ಆ್ಯಂಡ್‌ಮಿ ಕಂಪನಿಯ ಉದಾಹರಣೆ ನೋಡಿ. 2023ರಲ್ಲಿ, ಬೇರೆ ಕಡೆ ಸೋರಿದ್ದ ಪಾಸ್‌ವರ್ಡ್‌ಗಳನ್ನು ಬಳಸಿ ಕಳ್ಳರು ಸುಮಾರು 14,000 ಖಾತೆಗಳಿಗೆ ನುಗ್ಗಿದರು. ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಅವರ ಕೈ ಸೇರಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 1.5 ಕೋಟಿ ಗ್ರಾಹಕರ ಡಿಎನ್‌ಎ ಮಾಹಿತಿ ಮಾರಾಟಕ್ಕಿರುವ ಆಸ್ತಿಯ ಭಾಗವಾಯಿತು. ಅವರ ಹತ್ತಿರ ಇದ್ದದ್ದು ಡಿಎನ್‌ಎ ಮತ್ತು ಬಂಧುತ್ವ. ನಿಮ್ಮ ಹತ್ತಿರ ಡಿಎನ್‌ಎ ಜೊತೆಗೆ ಲೈಂಗಿಕ ಒಲವು, ಫೋಟೊ, ಇರುವ ಜಾಗ, ಖಾಸಗಿ ಚಾಟ್ ಎಲ್ಲ ಇರುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಡಿಎನ್‌ಎ ಮತ್ತು ಲೈಂಗಿಕ ಒಲವಿನ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಜೀನ್ ನೋಡಿ ತಾರತಮ್ಯ ಮಾಡುವುದನ್ನು ತಡೆಯುವ ಅಮೆರಿಕದ 2008ರ ಜಿನಾ ಕಾಯ್ದೆ ಆರೋಗ್ಯ ವಿಮೆ ಮತ್ತು ಉದ್ಯೋಗಕ್ಕೆ ಮಾತ್ರ ಅನ್ವಯ, ಜೀವ ವಿಮೆಗೆ ಇಲ್ಲ. ಬಳಕೆದಾರರು ಎಲ್ಲಿದ್ದಾರೋ ಅಲ್ಲಿನ ಕಾನೂನು ನಿಮಗೆ ಬರುತ್ತದೆ.

ಈಗ ತಂಡದ ವಿಷಯ. ಡಿಎನ್‌ಎ ನೋಡಿ ಜೋಡಿ ಹುಡುಕುವ ಕಂಪನಿಗಳು ಹಿಂದೆಯೂ ಬಂದಿವೆ. 2007ರಲ್ಲಿ ಶುರುವಾದ ಸೈಂಟಿಫಿಕ್‌ಮ್ಯಾಚ್ ಒಬ್ಬ ಎಂಜಿನಿಯರ್ ಕಟ್ಟಿದ ಕಂಪನಿ. ಸುಮಾರು ಹತ್ತು ವರ್ಷಗಳ ನಂತರ ಹ್ಯೂಸ್ಟನ್‌ನಲ್ಲಿ ಬಂದ ಫೆರಮೋರ್‌ನ ತಂಡ ಕಾಗದದ ಮೇಲೆ ಎಷ್ಟೋ ಗಟ್ಟಿ. ಮುಖ್ಯಸ್ಥೆ ಆಸ್ಮಾ ಮಿರ್ಜಾ, ಜೊತೆಗೆ ಜೆನೆಟಿಕ್ಸ್‌ನಿಂದ ಬಂದ ಬ್ರಿಟನಿ ಬರೆಟೊ ಮತ್ತು ಬಿನ್ ಹುವಾಂಗ್. 11 ಜೀನ್‌ಗಳ ಜೊತೆಗೆ ಸೋಷಿಯಲ್ ಮೀಡಿಯಾ ಮಾಹಿತಿಯನ್ನೂ ಸೇರಿಸಿ ನೋಡುತ್ತಿದ್ದರು. ಎರಡೂ ಬಹಳ ಕಾಲ ನಡೆಯಲಿಲ್ಲ. ತಂಡದಲ್ಲಿ ವಿಜ್ಞಾನಿ ಇದ್ದರೆ ಸಾಕು ಅನ್ನುವಂತಿದ್ದರೆ ಎರಡನೆಯದಾದರೂ ಉಳಿಯಬೇಕಿತ್ತು, ಅಲ್ವಾ? ಈ ವ್ಯಾಪಾರಕ್ಕೇ ಒಂದು ಹುಟ್ಟುದೋಷವಿದೆ. ಡೇಟಿಂಗ್ ಆ್ಯಪ್‌ಗೆ ಒಂದೇ ಪ್ರದೇಶದಲ್ಲಿ, ಒಂದೇ ಸಮಯಕ್ಕೆ ಸಾವಿರಾರು ಜನ ಬೇಕು. ಆ ಸಾವಿರಾರು ಜನರ ಬಾಗಿಲಲ್ಲೇ ನೀವು ಕಿಟ್, ದುಡ್ಡು, ಕಾಯುವಿಕೆ ಎಂಬ ಮೂರು ಅಡ್ಡಿ ಇಡುತ್ತೀರಿ.

ಇಂಥ ಸಣ್ಣ ಕಂಪನಿಗಳಿಗೆ ಸಲಹೆ ಕೊಡುವಾಗ ನಾನು ಮತ್ತೆ ಮತ್ತೆ ನೋಡುವುದು ಒಂದು ಸಂಗತಿ. ವಿಜ್ಞಾನಿ ತನ್ನ ಟಿಪ್ಪಣಿಯಲ್ಲಿ "ಕೆಲವು ಅಧ್ಯಯನಗಳಲ್ಲಿ ಸಣ್ಣ ನಂಟು ಕಂಡಿದೆ, ಎಲ್ಲದರಲ್ಲೂ ಅಲ್ಲ" ಎಂದು ಬರೆದಿರುತ್ತಾರೆ. ಸ್ಲೈಡಿಗೆ ಬರುವಾಗ "ಅಧ್ಯಯನಗಳಲ್ಲಿ ನಂಟು ಕಂಡಿದೆ" ಆಗುತ್ತದೆ. ವೆಬ್‌ಸೈಟಿನಲ್ಲಿ "ವಿಜ್ಞಾನ ಹೇಳುತ್ತದೆ" ಆಗುತ್ತದೆ. ಆ್ಯಪಿನ ಪರದೆಯಲ್ಲಿ ಬರೀ "94%". ಯಾರೂ ಸುಳ್ಳು ಹೇಳಿರುವುದಿಲ್ಲ, ಒಬ್ಬೊಬ್ಬರು ಒಂದೊಂದು ಪದ ಕಿತ್ತಿರುತ್ತಾರೆ ಅಷ್ಟೇ. ಕೊನೆಗೆ ಕೆಳಗಿರುವ ಹೆಸರು ನಿಮ್ಮದು. ಹಾಗಾಗಿ "ವಿಜ್ಞಾನ ನೀನು ನೋಡ್ಕೋ" ಅನ್ನುವ ಹಂಚಿಕೆಗೆ ಒಪ್ಪಬೇಡಿ. ಇಲ್ಲಿ ಜಾಹೀರಾತಿನ ಸಾಲೇ ವಿಜ್ಞಾನ, ಸರ್ವರ್ ಬೀಗವೂ ವಿಜ್ಞಾನ.

ನೀವು ಸೇರುವುದಾದರೆ ಈ ವಿಷಯಗಳು ಷೇರುದಾರರ ಒಪ್ಪಂದದಲ್ಲೇ ಬರಬೇಕು, ವಾಟ್ಸಾಪ್ ಮಾತಿನಲ್ಲಲ್ಲ. ಆರೋಗ್ಯ ಅಥವಾ ಹೊಂದಾಣಿಕೆ ಬಗ್ಗೆ ಹೊರಗೆ ಹೋಗುವ ಯಾವ ಮಾತಿಗೂ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಬೇಡ ಅಂದರೆ ಬೇಡ. ಬಳಕೆದಾರರು ಅಳಿಸಿ ಅಂದರೆ ಮಾಹಿತಿಯನ್ನೂ ಅಳಿಸಬೇಕು, ಲ್ಯಾಬಿನಲ್ಲಿ ಉಳಿದ ಸ್ಯಾಂಪಲ್ಲನ್ನೂ ನಾಶ ಮಾಡಬೇಕು. ಕಂಪನಿ ಮಾರಾಟವಾದರೆ ಅಥವಾ ಮುಚ್ಚಿದರೆ ಡಿಎನ್‌ಎ ಮಾಹಿತಿ ಏನಾಗುತ್ತದೆ ಎಂದು ಇವತ್ತೇ ಬರೆದಿಡಿ, ದುಡ್ಡು ಮುಗಿದ ತಿಂಗಳಲ್ಲಿ ಯಾರಿಗೂ ಆ ಧೈರ್ಯ ಇರುವುದಿಲ್ಲ. ನೀವು ರಾಜೀನಾಮೆ ಕೊಟ್ಟರೆ ನಿಮ್ಮ ಹೆಸರು, ಫೋಟೊ ಎಲ್ಲ ಕಡೆಯಿಂದ ಇಳಿಯಬೇಕು. ಷೇರು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಗೆ ಬರುತ್ತದೆ, ಮೊದಲ ವರ್ಷ ತುಂಬುವ ತನಕ ಏನೂ ಇಲ್ಲ. ಹತ್ತನೇ ತಿಂಗಳಲ್ಲಿ ತತ್ವಕ್ಕಾಗಿ ಜಗಳವಾಡಿ ಹೊರಬಂದರೆ ನಿಮ್ಮ 6% ಸೊನ್ನೆ. ಈ ಕಾರಣಕ್ಕೆ ಬಿಟ್ಟರೆ ಆವರೆಗಿನ ಪಾಲು ನಿಮಗೇ ಸೇರಬೇಕು ಅನ್ನುವ ಷರತ್ತನ್ನೂ ವಕೀಲರ ಹತ್ತಿರ ಕೇಳಿ ಹಾಕಿಸಿ. ಅಂದಹಾಗೆ, ಸಂಸ್ಥಾಪಕಿ ಅಂತ ಕರೆದು 6% ಕೊಡುವುದು ನನಗೆ ನೌಕರಿಯ ಲೆಕ್ಕದಂತೆ ಕಾಣುತ್ತದೆ.

ಉಳಿದವರ ಬಗ್ಗೆ: ಡೇಟಾ ಭದ್ರತೆ ಗೊತ್ತಿರುವವರು ಮೊದಲ ದಿನದಿಂದ ಬೇಕು. ತಪಾಸಣೆ ಇದ್ದರೆ ಕೌನ್ಸೆಲರ್ ಬೇಕು. ಮನುಷ್ಯರ ನಡವಳಿಕೆ ಅಳೆಯಲು ಬರುವ ಸಂಖ್ಯಾಶಾಸ್ತ್ರಜ್ಞರೊಬ್ಬರು ಸಲಹೆಗಾರರಾಗಿದ್ದರೂ ಸಾಕು. ಇವರೆಲ್ಲ ಸಂಸ್ಥಾಪಕರೇ ಆಗಬೇಕಿಲ್ಲ.

ಸೇರುವುದು ಬಿಟ್ಟರೆ ಬೇರೆ ದಾರಿಗಳೂ ಇವೆ. ಸಂಬಳದ ಸಲಹೆಗಾರ್ತಿಯಾಗಿರಬಹುದು. ಆಗ ಜವಾಬ್ದಾರಿ ಕಡಿಮೆ, ಆದರೆ ಮಾತೂ ನಡೆಯುವುದಿಲ್ಲ, ಹೆಸರನ್ನು ಜಾಹೀರಾತಿಗೆ ಬಳಸದಂತೆ ನೋಡಿಕೊಳ್ಳಬೇಕು. ಆಕರ್ಷಣೆಯ ಅಂಕ ಕೈಬಿಟ್ಟು, ಈಗಾಗಲೇ ಜೊತೆಗಿರುವ ಜೋಡಿಗಳಿಗೆ ವಾಹಕ ತಪಾಸಣೆ ಕೊಡುವ ಕಂಪನಿಯಾಗಿ ಇದನ್ನು ತಿರುಗಿಸೋಣ ಎನ್ನಬಹುದು. ವಿಜ್ಞಾನದ ಮಟ್ಟಿಗೆ ನನಗೆ ಹಿಡಿಸುವುದು ಇದೇ. ಆದರೆ ಖರ್ಚು ಜಾಸ್ತಿ, ಬೆಳವಣಿಗೆ ನಿಧಾನ, ದೊಡ್ಡ ಲ್ಯಾಬ್‌ಗಳ ಪೈಪೋಟಿ ಇದೆ. ನಿಮ್ಮ ಸ್ನೇಹಿತರು ಹಿಂದೆ ಸರಿಯಬಹುದು. "ಇದು ತಮಾಷೆಗೆ ಮಾತ್ರ" ಎಂದು ಬರೆದುಕೊಂಡು ನಡೆಸುವುದನ್ನು ನಾನು ಒಪ್ಪುವುದಿಲ್ಲ. ತಮಾಷೆಗೆ ಯಾರ ಡಿಎನ್‌ಎಯನ್ನೂ ಸರ್ವರ್‌ನಲ್ಲಿ ಇಟ್ಟುಕೊಳ್ಳಬಾರದು. ಬೇಡ ಎಂದು ಹೇಳಿಬಿಡುವುದೂ ಒಂದು ದಾರಿ. ಅದರಿಂದ ಸ್ನೇಹಕ್ಕೆ ಸ್ವಲ್ಪ ಪೆಟ್ಟು ಬೀಳಬಹುದು.

ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮುಂದಿನ ಸಭೆಯಲ್ಲಿ ಹೀಗೆ ಕೇಳಿ: "ಒಪ್ಪಿಗೆ ಕೊಟ್ಟ ಮೊದಲ ಬಳಕೆದಾರರಲ್ಲಿ ಅರ್ಧ ಜನರಿಗೆ ಜೀನ್ ಅಂಕ, ಇನ್ನರ್ಧಕ್ಕೆ ಸುಮ್ನೆ ಯಾವುದೋ ಅಂಕ ತೋರಿಸೋಣ. ಯಾರಿಗೆ ಯಾವುದು ಅನ್ನುವುದು ನಮಗೂ ತಿಳಿಯುವುದು ಬೇಡ. ಆರು ತಿಂಗಳ ನಂತರ ವ್ಯತ್ಯಾಸ ಇಲ್ಲದಿದ್ದರೆ ಅಂಕ ತೆಗೆದುಬಿಡೋಣ." ಇದಕ್ಕೆ ಉತ್ಸಾಹದಿಂದ ಹೂಂ ಅಂದರೆ, ಅವರಿಗೆ ವಿಜ್ಞಾನಿ ಬೇಕು. ವಿಷಯ ತೇಲಿಸಿದರೆ, ಸಲಹೆಗಾರ್ತಿ ಆಗುವುದಕ್ಕೂ ಒಪ್ಪಬೇಡಿ.

ಸ್ಯಾಂಪಲ್ ವಿಷಯಕ್ಕೆ ಉತ್ತರ ಸುಲಭ: ಕೊಡಬೇಡಿ, ಅವರಿಗೂ ಕೊಡಬೇಡಿ ಎನ್ನಿ. ಹೂಡಿಕೆದಾರರ ಎದುರು ತೆರೆದಿಟ್ಟ ನಿಮ್ಮ ಡಿಎನ್‌ಎಯಲ್ಲಿ ನಿಮ್ಮ ಅಪ್ಪ ಅಮ್ಮ, ಒಡಹುಟ್ಟಿದವರ ಮಾಹಿತಿಯೂ ಇರುತ್ತದೆ, ಅವರನ್ನು ಯಾರೂ ಕೇಳಿಲ್ಲ. ಮೂವರಲ್ಲಿ ಒಬ್ಬರು ಗಂಭೀರ ಕಾಯಿಲೆಯ ವಾಹಕ ಎಂದು ಡೆಮೊ ನಡುವೆ ಗೊತ್ತಾದರೆ ಮುಚ್ಚಿಡಲು ಆಗುವುದಿಲ್ಲ. ಡೆಮೊಗೆ 1000 ಜೀನೋಮ್ಸ್ ಯೋಜನೆಯ ಮಾಹಿತಿ ಇದೆಯಲ್ಲ. 26 ಜನಸಮೂಹಗಳ 2,504 ಜನರದ್ದು, ಹೆಸರಿಲ್ಲದೆ, ಸಾರ್ವಜನಿಕವಾಗಿ ಸಿಗುತ್ತದೆ, ಎಚ್‌ಎಲ್‌ಎ ವಿವರವೂ ಪ್ರಕಟವಾಗಿದೆ. ಅದರಲ್ಲಿ ಯಾರನ್ನೇ ಇಬ್ಬರನ್ನು ಕೂಡಿಸಿ ಅಂಕ ತೆಗೆಯುತ್ತಾ ಹೋಗಿ. ಬಹುತೇಕ ಎಲ್ಲರೂ ಎಲ್ಲರಿಗೂ ಹೊಂದುವುದನ್ನು ನಿಮ್ಮ ಸ್ನೇಹಿತರೂ ಕಣ್ಣಾರೆ ನೋಡಲಿ.